ಡ್ರೈವಿಂಗ್ ಮೇಷ್ಟ್ರು ಬಾರಿನಿಂದ ಹೊರಬಂದದ್ದು

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹೆಂಡತಿಯ ಅಣ್ಣನಿಂದ ಬಂದ ಫೋನನ್ನು ಎತ್ತದೆ ಸುಮ್ಮನಿದ್ದಿದ್ದರೆ ಡ್ರೈವಿಂಗ್ ಮೇಷ್ಟ್ರ ಪಾಲಿಗೆ ಆ ದಿನವೂ ಎಲ್ಲ ದಿನಗಳ ಹಾಗೆ ಕ್ಲಚ್ಚು, ಗೇರು, ಹಾರನ್ನುಗಳ ನಡುವೆ ಸವೆದು ಹೋಗುತ್ತಿತ್ತು. ಆದರೆ ಹೆಂಡತಿಯ ಅಣ್ಣನ ಫೋನನ್ನು ಎತ್ತದಿರುವ ಧೈರ್ಯ ಮದುವೆಯಾದ ಹದಿನಾರು ವರ್ಷಗಳಲ್ಲಿ ಅವರಿಗೆ ಒಮ್ಮೆಯೂ ಬಂದಿರಲಿಲ್ಲ. ಅವತ್ತೂ ಬರಲಿಲ್ಲ.

ಹೆಂಡತಿಯ ಅಣ್ಣ ಕಾಲೇಜಿನ ಪ್ರಿನ್ಸಿಪಾಲರು. ಮಾತಾಡಿದರೆ ಉಪನ್ಯಾಸ, ಕೆಮ್ಮಿದರೆ ಉಪದೇಶ. ವರ್ಷಕ್ಕೆರಡು ಸಲ ವಿದ್ಯಾರ್ಥಿಗಳನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸುತ್ತಿದ್ದರು. ತಂಗಿಯ ಪಾಲಿಗಂತೂ ಅಣ್ಣ ಎಂದರೆ ನಡೆದಾಡುವ ದೇವರು. ಗಂಡ ಏನೇ ಮಾಡಿದರೂ ಆಕೆ ಅದನ್ನು ಅಣ್ಣನ ಪಕ್ಕದಲ್ಲಿಟ್ಟು ಅಳೆಯುವಳು. ಮೇಷ್ಟ್ರು ಪ್ರತಿ ಸಲವೂ ಒಂದು ಮೊಳ ಕಡಿಮೆ ಬೀಳುವರು.

ಈ ಪ್ರಿನ್ಸಿಪಾಲರು ಮೇಷ್ಟ್ರನ್ನು ಯಾವತ್ತೂ ಏಕವಚನದಲ್ಲಿಯೇ ಮಾತಾಡಿಸುತ್ತಿದ್ದರು. ಅವತ್ತು ಫೋನಿನಲ್ಲಿ, "ಭಾವನವರೇ, ಒಂಚೂರು ಉಪಕಾರ ಆಗ್ಬೇಕಿತ್ತಲ್ಲ, ನೀವು ಎಲ್ಲಿದ್ದೀರಿ?" ಎಂದರು. ಆ 'ನೀವು' ಕೇಳಿದಾಗಲೇ ಮೇಷ್ಟ್ರು ಎಚ್ಚೆತ್ತುಕೊಳ್ಳಬೇಕಿತ್ತು.

ವಿಷಯ ಇಷ್ಟು. ಪ್ರಿನ್ಸಿಪಾಲರು ಬಸ್ ನಿಲ್ದಾಣದ ಹಿಂದಿನ ಬಾರಿನಲ್ಲಿ ಕೂತಿದ್ದಾರೆ. ತಿಂಗಳ ಮೂರನೇ ಶನಿವಾರ ಅರ್ಧ ದಿನ ರಜೆಯಾದ್ದರಿಂದ, ಮನಸ್ಸಿನ ಭಾರ ಇಳಿಸಿಕೊಳ್ಳಲು ಅವರು ಹೀಗೆ ಬಂದು ಕೂರುವುದು ಎಂಟು ವರ್ಷದಿಂದ ನಡೆದು ಬಂದ ವಾಡಿಕೆ. ಈಗ ಬಾಗಿಲಲ್ಲಿ ಪೊಲೀಸರು ನಿಂತಿದ್ದಾರೆ, ನಡೆದು ಹೊರಟರೆ ಗುರುತು ಹಿಡಿದುಬಿಡುತ್ತಾರೆ. ಮೇಷ್ಟ್ರು ಕಾರು ತಂದು ಅವರನ್ನು ಹತ್ತಿಸಿಕೊಂಡು ಹೋಗಬೇಕು. ತಂಗಿಗೆ ಹೇಳಕೂಡದು. ಸತ್ತರೂ ಹೇಳಕೂಡದು.

ಬಾಗಿಲಲ್ಲಿ ಪೊಲೀಸರು ನಿಂತದ್ದಕ್ಕೂ ಕಾರಣವಿತ್ತು. ಹದಿನೈದು ದಿನಗಳ ಹಿಂದೆ ಹೊಸ ಆಜ್ಞೆಯೊಂದು ಹೊರಟಿತ್ತು. ಬಾರಿನಿಂದ ಹೊರಬಂದು ವಾಹನ ಮುಟ್ಟಿದ ಯಾರನ್ನು ಬೇಕಾದರೂ ತಡೆದು ನಿಲ್ಲಿಸಬಹುದು. ಕುಡಿದಿದ್ದಾನೆಂಬ ಅನುಮಾನ ಬಂದರೆ ಸಾಕು, ಅಲ್ಲೇ ಬಂಧಿಸಬಹುದು. ಅನುಮಾನ ಹೇಗೆ ಬರಬೇಕು, ಎಷ್ಟು ಬರಬೇಕು ಎಂಬುದನ್ನು ಪೊಲೀಸರ ವಿವೇಕಕ್ಕೆ ಬಿಡಲಾಗಿತ್ತು. ಇಲ್ಲದ ವಸ್ತುವಿನ ಮೇಲೆ ಅಷ್ಟು ಭಾರ ಹೊರಿಸಬಾರದಿತ್ತು.

ಆಜ್ಞೆ ಬಂದ ಮೂರೇ ದಿನಕ್ಕೆ ಬಾರಿನ ಖಾಯಂ ಗಿರಾಕಿಗಳು ಪಾಠ ಕಲಿತರು. ಬಂಡಿಗಳನ್ನು ಮುಂದಿನ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುವುದು, ಕುಡಿದಾದ ಮೇಲೆ ಕೈಯಲ್ಲೊಂದು ತರಕಾರಿ ಚೀಲ ಹಿಡಿದು ಹೊರಡುವುದು, ಇಂಥವೆಲ್ಲ ರೂಢಿಯಾದವು. ಪೊಲೀಸರ ಕೈಗೆ ಸಿಕ್ಕಿದ್ದು ಏನೂ ಅರಿಯದವರು ಮಾತ್ರ: ಕರೆಂಟು ಮೀಟರು ಓದಲು ಬಂದವನು, ಬಾರಿನ ಫ್ರಿಜ್ಜು ರಿಪೇರಿಗೆ ಬಂದವನು, ದಾರಿ ಕೇಳಲು ಒಳಹೊಕ್ಕ ಒಬ್ಬ ಪರವೂರಿನವನು. ಆದರೂ ಪತ್ರಿಕೆಯಲ್ಲಿ ಅಂಕಿಸಂಖ್ಯೆ ಚೆನ್ನಾಗಿಯೇ ಬರುತ್ತಿತ್ತು.

ಮೇಷ್ಟ್ರು ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಕಲಿಸುತ್ತಿದ್ದವರು. ಕೆಮ್ಮಿನ ಔಷಧಿ ಕುಡಿಯುವ ಮುಂಚೆಯೂ ಬಾಟಲಿಯ ಮೇಲೆ ಬರೆದದ್ದನ್ನು ಕನ್ನಡಕ ಹಾಕಿ ಓದುವ ಆಸಾಮಿ. ಅವರ ಅನ್ನದ ಬಟ್ಟಲೆಂದರೆ ಜೇಬಿನಲ್ಲಿರುವ ಆ ಲೈಸೆನ್ಸು. ಅದಕ್ಕೊಂದು ಗೀರು ಬಿದ್ದರೆ ಮಾರನೆಯ ದಿನ ಕೆಲಸವಿಲ್ಲ. ಮೂರು ಗಂಟೆಗೆ ಒಬ್ಬ ದಂತವೈದ್ಯೆಗೆ ಪಾಠವಿತ್ತು. ಅದಕ್ಕೆ ಮುಂಚೆ ಭಾವನನ್ನು ಮನೆಗೆ ಮುಟ್ಟಿಸಿ ಬಂದುಬಿಡೋಣವೆಂದು, ಡ್ರೈವಿಂಗ್ ಸ್ಕೂಲಿನ ಕಾರನ್ನೇ ತೆಗೆದುಕೊಂಡು ಹೊರಟರು. ಕಾರಿನ ನೆತ್ತಿಯ ಮೇಲೆ ಕೆಂಪು ಎಲ್ ಬೋರ್ಡು, ಎರಡೂ ಮಗ್ಗುಲಿಗೆ ಗೇಣುದ್ದದ ಅಕ್ಷರಗಳಲ್ಲಿ 'ಸುರಕ್ಷಿತ ಚಾಲನೆಯೇ ನಮ್ಮ ಉಸಿರು'.

ಬಾರಿನ ಒಳಗೆ ಹಗಲು ಹೊತ್ತಿನಲ್ಲೂ ಗವಿಯಂಥ ಕತ್ತಲು. ಪ್ರಿನ್ಸಿಪಾಲರು ಕಂಬದ ಹಿಂದಿನ ಮೇಜಿನಲ್ಲಿ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪತ್ರಿಕೆ ತಲೆಕೆಳಗಾಗಿತ್ತು. ಮೇಷ್ಟ್ರು ಹತ್ತಿರ ಹೋಗಿ ಕೆಮ್ಮಿದ ಮೇಲೆ ಅವರು ತಮ್ಮ ಯೋಜನೆ ಹೇಳಿದರು: ಇಬ್ಬರೂ ಒಟ್ಟಿಗೆ ಹೊರಟರೆ ಜನ ಗುರುತಿಸುತ್ತಾರೆ, ಮೇಷ್ಟ್ರು ಮುಂದೆ ಹೋಗಿ ಕಾರು ಶುರು ಮಾಡಿಕೊಂಡಿರಲಿ, ತಾವು ಐದು ನಿಮಿಷ ಬಿಟ್ಟು ಗಾಳಿ ಬಂದ ಹಾಗೆ ಬಂದು ಕೂತುಬಿಡುವುದು.

ಮೇಷ್ಟ್ರು ತಿರುಗುವಷ್ಟರಲ್ಲಿ ಪಕ್ಕದ ಮೇಜಿನಿಂದ ಒಬ್ಬ ಹಳೆಯ ಶಿಷ್ಯ ಎದ್ದು ಬಂದು ಅವರನ್ನು ತಬ್ಬಿಕೊಂಡ. ತನಗೆ ರಿವರ್ಸ್ ಕಲಿಸಿದ ಗುರು ಇವರೇ ಎಂದು ಇಡೀ ಬಾರಿಗೆ ಸಾರಿದ. ತಬ್ಬಿಕೊಂಡ ಕೈಯಲ್ಲಿ ತುಂಬಿದ ಗ್ಲಾಸಿತ್ತು. ಅರ್ಧ ಗ್ಲಾಸು ಮೇಷ್ಟ್ರ ಅಂಗಿಯ ಬೆನ್ನಿಗೆ, ಉಳಿದರ್ಧ ಪ್ಯಾಂಟಿಗೆ ಇಳಿಯಿತು. ಗುರುದಕ್ಷಿಣೆ ತಲೆಯಿಂದ ಕಾಲಿನವರೆಗೆ ಸಂದಾಯವಾದಂತಾಯಿತು.

ಗವಿಯಿಂದ ಹೊರಬಂದವರಿಗೆ ಎರಡೂವರೆಯ ಬಿಸಿಲು ಕಪಾಳಕ್ಕೆ ಹೊಡೆದ ಹಾಗಾಯಿತು. ಕಣ್ಣು ಕಿವುಚಿದರು, ಕಣ್ಣು ಕಿವುಚಿದ್ದರಿಂದ ಮೆಟ್ಟಿಲು ಕಾಣಲಿಲ್ಲ, ಮೆಟ್ಟಿಲು ಕಾಣದ್ದರಿಂದ ಮುಗ್ಗರಿಸಿದರು, ಮುಗ್ಗರಿಸಿದಾಗ ಕೈಯಲ್ಲಿದ್ದ ಕಾರಿನ ಕೀ ಹಾರಿ, ಎದುರಿಗೆ ನಿಂತಿದ್ದ ಮೀಸೆ ಪೇದೆಯ ಬೂಟಿನ ಮೇಲೆ ಬಿತ್ತು.

ಈ ಪೇದೆಯ ಮೈಯಲ್ಲಿ ಚುರುಕಾಗಿದ್ದದ್ದು ಮೀಸೆಯೊಂದೇ. ಬೆಳಿಗ್ಗೆಯಿಂದ ಒಬ್ಬನೂ ಸಿಕ್ಕದೆ ಬೇಸರಪಟ್ಟುಕೊಂಡಿದ್ದ ಆತ, ಬೂಟಿನ ಮೇಲಿನ ಕೀಯನ್ನೂ, ಅದರ ಒಡೆಯನನ್ನೂ, ಕಾರಿನ ಮಗ್ಗುಲ ಬರಹವನ್ನೂ ಒಂದೊಂದಾಗಿ ನೋಡಿದ. ಹುಡುಕುತ್ತಿದ್ದ ಬಳ್ಳಿ ಕಾಲಿಗೇ ತೊಡರಿತ್ತು.

"ಎಲ್ಲಿಗೆ ಹೊರಟಿದ್ದು ಮೇಷ್ಟ್ರು?"

ಮೇಷ್ಟ್ರು ತಾವು ಕುಡಿದಿಲ್ಲವೆಂದರು. ಕೇಳಿದ್ದು ಎಲ್ಲಿಗೆ ಎಂದು, ಹೇಳಿದ್ದು ಕುಡಿದಿಲ್ಲ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತೆಂದು ಪೇದೆ ತನ್ನ ಜೊತೆಯವನಿಗೆ ಹೇಳಿ, ಉಸಿರಿನ ಯಂತ್ರ ತರಿಸಿದ. ಮೇಷ್ಟ್ರು ಎದೆಯೊಳಗೆ ಗಾಳಿ ತುಂಬಿಕೊಂಡು ಆತ್ಮಸಾಕ್ಷಿಯಾಗಿ ಊದಿದರು. ಯಂತ್ರ ಸೊನ್ನೆ ತೋರಿಸಿತು. ಮತ್ತೊಮ್ಮೆ ಊದಿಸಿದರು. ಮತ್ತೂ ಸೊನ್ನೆ.

ಪೇದೆಗಳಿಬ್ಬರೂ ಯಂತ್ರವನ್ನು ಅಲ್ಲಾಡಿಸಿ ನೋಡಿದರು. ಈ ಬಾಗಿಲಿನಿಂದ ಹೊರಬಂದವರ ಉಸಿರು ಸೊನ್ನೆಯಾಗಿರಲು ಸಾಧ್ಯವಿಲ್ಲವೆಂಬುದು ಅವರ ಲೆಕ್ಕ. ಯಂತ್ರ ಕೆಟ್ಟಿರಬೇಕೆಂಬ ಅನುಮಾನ ಬಂದು, ಸರಿಯಿದೆಯೋ ಇಲ್ಲವೋ ನೋಡಲು ಮೀಸೆ ಪೇದೆ ತಾನೇ ಒಮ್ಮೆ ಊದಿದ. ಯಂತ್ರ ಕುಂಯ್ಯೆಂದು ಕಿರುಚಿ, ಕೆಂಪು ದೀಪ ಹತ್ತಿಸಿ, ದೊಡ್ಡದೊಂದು ಅಂಕಿ ತೋರಿಸಿತು.

ಎರಡನೇ ಪೇದೆ ಆ ಅಂಕಿಯನ್ನು ಬೆರಳಿಟ್ಟು ಓದಿದ.

"ನೋಡಿದ್ಯಾ, ಕೆಟ್ಟೋಗಿದೆ," ಎಂದು ಮೀಸೆ ಪೇದೆ ಅದನ್ನು ಡಬ್ಬಿಗೆ ಹಾಕಿದ.

ಯಂತ್ರವಿಲ್ಲದಿದ್ದರೇನು, ಹಳೆಯ ಪರೀಕ್ಷೆಗಳಿದ್ದವು. ಒಂಟಿಕಾಲಲ್ಲಿ ನಿಲ್ಲಬೇಕೆಂದರು. ದಿನಕ್ಕೆ ಹತ್ತು ತಾಸು ಕಾರಿನ ಸೀಟಿನಲ್ಲಿ ಮಡಿಸಿಟ್ಟು ತುಕ್ಕು ಹಿಡಿದ ಮಂಡಿಗಳು ಎರಡು ಕಾಲಲ್ಲಿ ನಿಂತರೇ ದೊಡ್ಡದು. ಮೇಷ್ಟ್ರು ಮೂರು ಎಣಿಸುವಷ್ಟರಲ್ಲಿ ಪೇದೆಯ ಭುಜ ಹಿಡಿದರು. ಅದನ್ನು ಪೊಲೀಸರ ಮೇಲೆ ಕೈ ಮಾಡಿದ್ದೆಂದು ಬರೆದುಕೊಂಡರು. ಗೆರೆಯ ಮೇಲೆ ನೇರ ನಡೆಯಬೇಕೆಂದರು. ರಸ್ತೆಯ ಗೆರೆಯೇ ಹಾವಿನ ಹಾಗೆ ಬಳುಕಿತ್ತು. ಗೆರೆಯ ಮೇಲೆ ನಡೆಯಲೋ ನೇರ ನಡೆಯಲೋ ಎಂದು ಮೇಷ್ಟ್ರು ಕೇಳಿದರು. ಕುಡಿದವರು ಮಾತ್ರ ಇಷ್ಟು ವಾದ ಮಾಡುವುದು ಎಂದು ಪೇದೆ ಅದನ್ನೂ ಬರೆದುಕೊಂಡ.

ಪರೀಕ್ಷೆ ನೋಡಲು ಜನ ಸೇರಿದರು. ಅದೇ ಹೊತ್ತಿಗೆ ಬಾರಿನಿಂದ ನಾಲ್ವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಹೊರಬಂದು, ಅಡ್ಡ ನಿಲ್ಲಿಸಿದ ಬೈಕನ್ನು ಎಡವಿ, ತಮ್ಮ ಬಂಡಿ ತೆಗೆಯಲು ಜಾಗ ಬಿಡಬೇಕೆಂದು ಪೊಲೀಸರನ್ನೇ ಕೇಳಿದರು. ಕೈತುಂಬ ಕೆಲಸವಿದ್ದ ಎರಡನೇ ಪೇದೆ ಗೊಣಗುತ್ತಲೇ ಬ್ಯಾರಿಕೇಡನ್ನು ಪಕ್ಕಕ್ಕೆ ಸರಿಸಿದ. ಬಂಡಿ ರಸ್ತೆಯ ಎರಡೂ ಅಂಚುಗಳಿಗೆ ಸಮನಾಗಿ ನ್ಯಾಯ ಒದಗಿಸುತ್ತ ಹೊರಟುಹೋಯಿತು.

ಮೇಷ್ಟ್ರು ಬಾರಿನ ಬಾಗಿಲ ಕಡೆ ಒಮ್ಮೆ ನೋಡಿದರು. ಪರದೆಯ ಸಂದಿಯಲ್ಲಿ ಭಾವನ ಒಂದು ಕಣ್ಣು ಕಂಡಿತು. ಆ ಕಣ್ಣು ಪರಿಸ್ಥಿತಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಪರದೆ ಮುಚ್ಚಿಕೊಂಡಿತು.

ಗುಂಪಿನಲ್ಲಿ ಮೇಷ್ಟ್ರ ಕೆಳಮನೆಯ ಟೈಲರಮ್ಮನಿದ್ದದ್ದು ವಿಧಿಯ ಆಟ. ಗುಂಡಿ ದಾರ ಕೊಳ್ಳಲು ಬಂದ ಆಕೆ ಮೇಷ್ಟ್ರು ಒಂಟಿಕಾಲಲ್ಲಿ ನಿಂತದ್ದನ್ನು ಕಂಡು, ಮೊದಲು ಅಯ್ಯೋ ಪಾಪ ಎಂದಳು. ಆಮೇಲೆ ಮೊಬೈಲು ತೆಗೆದು ಚಿತ್ರ ಹಿಡಿದಳು. ಬಟ್ಟೆಯ ಅಳತೆಯಲ್ಲಿ ಒಂದೆರಡು ಇಂಚು ಆಚೀಚೆ ಮಾಡುವವಳು, ಸುದ್ದಿಯ ಅಳತೆಯಲ್ಲಿ ಗಜಗಟ್ಟಲೆ ಬಿಡುವವಳು. ಮೇಷ್ಟ್ರನ್ನು ಜೀಪಿಗೆ ಹತ್ತಿಸುವ ಮುಂಚೆಯೇ, ಅವರು ಪೊಲೀಸರ ಮುಂದೆ ಕುಣಿಯುತ್ತಿರುವ ಸಮಾಚಾರ ಅವರ ಹೆಂಡತಿಗೆ ತಲುಪಿತ್ತು.

ಠಾಣೆಯ ಇನ್ಸ್‌ಪೆಕ್ಟರಿಗೆ ಹೊಸ ಆಜ್ಞೆಯ ಮೇಲೆ ಹೊಸ ಮದುವೆಯ ಮೋಹವಿತ್ತು. ಅದಕ್ಕಾಗಿ ಅಚ್ಚು ಹಾಕಿಸಿದ ನಾಲ್ಕು ಪುಟದ ಫಾರಮ್ಮನ್ನು ಮುಂದಿಟ್ಟುಕೊಂಡು, 'ಅನುಮಾನಕ್ಕೆ ಕಾರಣಗಳು' ಎಂಬ ಅಂಕಣ ಸಾಲದೆ ಅಂಚಿನಲ್ಲೂ ಬರೆದರು. ಬಟ್ಟೆಯಲ್ಲಿ ವಾಸನೆ. ಮೆಟ್ಟಿಲಲ್ಲಿ ಮುಗ್ಗರಿಕೆ. ವಾದ. ಯಂತ್ರದಲ್ಲಿ ಸೊನ್ನೆ ಬಂದದ್ದನ್ನೂ ಬರೆದರು: 'ಯಂತ್ರವನ್ನು ವಂಚಿಸುವಷ್ಟು ಪಳಗಿದ ಕೈ'.

"ಕುಡಿಯೋದಿಲ್ಲ ಅಂತೀರಿ. ಮತ್ತೆ ಬಾರೊಳಗೆ ಯಾಕೆ ಹೋಗಿದ್ದು?"

ಇದೊಂದು ಪ್ರಶ್ನೆಗೆ ಮೇಷ್ಟ್ರಲ್ಲಿ ನಿಜವಾದ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಹೇಳಿದರೆ ಭಾವನ ಮಾನ ಹೋಗುತ್ತದೆ. ಅದು ಹೋದರೆ ಹೋಗಲಿ ಎಂದರೆ, ಅಣ್ಣನ ಮೇಲೆ ಇಲ್ಲದ್ದು ಹೇಳಿದ ಗಂಡನೆಂದು ಹೆಂಡತಿ ಉಳಿದ ಜನ್ಮವಿಡೀ ಮಾತು ಬಿಡುತ್ತಾಳೆ. ನೀರು ಕುಡಿಯಲು ಎಂದರು. ಬಾರಿನ ಎದುರಿಗೇ ಸಾರ್ವಜನಿಕ ನಲ್ಲಿ ಇದೆಯೆಂದು ಪೇದೆ ನೆನಪಿಸಿದ. ಮೂತ್ರಕ್ಕೆ ಎಂದು ತಿದ್ದಿಕೊಂಡರು. ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು ನಕ್ಕರು.

"ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆ ಅನ್ನೋರನ್ನ ಕಂಡಿದ್ದೆ. ಮೇಷ್ಟ್ರೇ, ನೀವು ಬರೀ ಮರ ನೋಡೋಕೆ ಹೋದೋರು."

ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲಿನ ಯಜಮಾನರು ಬೆವರು ಸುರಿಸುತ್ತ ಬಂದರು. ತಮ್ಮ ಕಾರು ಠಾಣೆಯ ಅಂಗಳದಲ್ಲಿ ನಿಂತಿದೆಯೆಂದು ಮೂವರು ಫೋನು ಮಾಡಿದ್ದರಂತೆ. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಯಜಮಾನರು ಎದೆ ಮುಟ್ಟಿಕೊಂಡು ಸಾಕ್ಷಿ ಹೇಳಿದರು: ಹತ್ತೊಂಬತ್ತು ವರ್ಷದಲ್ಲಿ ಈ ಮನುಷ್ಯ ಒಂದು ತೊಟ್ಟು ಮುಟ್ಟಿದವನಲ್ಲ.

ಅಭ್ಯಾಸವಿಲ್ಲದವರಿಗೇ ಬೇಗ ತಲೆಗೇರುವುದು ಎಂದು ಇನ್ಸ್‌ಪೆಕ್ಟರು ಅದನ್ನೂ ಅಂಚಿನಲ್ಲಿ ಬರೆದರು. ಯಜಮಾನರು ಕೊಂಚ ಯೋಚಿಸಿ, ಅದೂ ಇರಬಹುದು, ಈಚೀಚೆಗೆ ಮೇಷ್ಟ್ರು ಒಂದು ಥರ ಇರುತ್ತಿದ್ದರು ಎಂದರು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಟೈಲರಮ್ಮ, ಯಾರೂ ಕೇಳದಿದ್ದರೂ, ಬೆಳಿಗ್ಗೆ ಬಚ್ಚಲಿನಲ್ಲಿ ಮೇಷ್ಟ್ರು ಗಟ್ಟಿಯಾಗಿ ಹಾಡುತ್ತಿದ್ದರೆಂದು ಸೇರಿಸಿದಳು. ತಾನು ಅವರನ್ನು ಬಿಡಿಸಲೆಂದೇ ಬಂದವಳು, ಇದ್ದದ್ದನ್ನು ಮಾತ್ರ ಹೇಳುತ್ತೇನೆ ಎಂದಳು. ಇಬ್ಬರೂ ಕೂಡಿ ಬಿಡಿಸಿದ ರಭಸಕ್ಕೆ ಫಾರಮ್ಮಿಗೆ ಇನ್ನೊಂದು ಹಾಳೆ ಅಂಟಿಸಬೇಕಾಯಿತು.

ಯಜಮಾನರು ತಮ್ಮ ಮಟ್ಟಿಗೆ ನಿರ್ಧಾರ ಹೇಳಿ ಹೊರಟರು. ಕೇಸು ಖುಲಾಸೆಯಾಗುವವರೆಗೆ ಮೇಷ್ಟ್ರು ಕಾರು ಹತ್ತುವುದು ಬೇಡ. ಅವರ ಪಾಠಗಳನ್ನು ಬೇರೆಯವರಿಗೆ ಕೊಡಲಾಗುವುದು. ಹಾಗಾದರೆ ಕಾರನ್ನಾದರೂ ಈಗಲೇ ತೆಗೆದುಕೊಂಡು ಹೋಗಿ ಎಂದರು ಇನ್ಸ್‌ಪೆಕ್ಟರು. ಯಜಮಾನರು ಕಿವಿ ತುರಿಸಿಕೊಂಡರು. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸಂಜೆ ಯಾರನ್ನಾದರೂ ಕಳಿಸುತ್ತೇನೆಂದು ಹೇಳಿ, ಬಂದ ಆಟೊದಲ್ಲೇ ಹಿಂದಿರುಗಿದರು. ಟೈಲರಮ್ಮನೂ ಬೀದಿಯ ಉಳಿದ ಮನೆಗಳಿಗೆ ವರದಿ ಒಪ್ಪಿಸುವ ತುರ್ತಿನಲ್ಲಿದ್ದುದರಿಂದ ಅದೇ ಆಟೊ ಹತ್ತಿದಳು.

ಸರ್ಕಾರಿ ವೈದ್ಯರು ಬಂದು ಮೇಷ್ಟ್ರ ತೋಳಿನಿಂದ ರಕ್ತ ಎಳೆದುಕೊಂಡರು. ಸತ್ಯ ಈ ಸೀಸೆಯಲ್ಲಿದೆ, ನೋಡಿಬಿಡಿ ಎಂದು ಮೇಷ್ಟ್ರು ಅಂಗಲಾಚಿದರು. ಸತ್ಯ ಹೊರಬರಲು ಮೂರು ವಾರ ಹಿಡಿಯುತ್ತದೆಂದು ವೈದ್ಯರು ಹೇಳಿದರು. ಅಲ್ಲಿಯವರೆಗೆ ಅವರ ಹೆಸರು 'ಅನುಮಾನಿತ'. ಇಪ್ಪತ್ತನಾಲ್ಕು ಗಂಟೆ ಯಾವುದೇ ವಾಹನವನ್ನು ಚಲಾಯಿಸಕೂಡದು. ಒಂಟಿಯಾಗಿ ಮನೆಗೆ ಹೋಗುವಂತೆಯೂ ಇಲ್ಲ. ಜವಾಬ್ದಾರಿಯುಳ್ಳ, ಸಚ್ಚಾರಿತ್ರ್ಯದ ಬಂಧುವೊಬ್ಬರು ಬಂದು ಸಹಿ ಹಾಕಿ ಕರೆದೊಯ್ಯಬೇಕು.

ಮೇಷ್ಟ್ರು ಹೆಂಡತಿಗೆ ಫೋನು ಮಾಡಿದರು. ಆಕೆ ಬೈಯಲಿಲ್ಲ, ಅಳಲಿಲ್ಲ.

"ಕುಣಿದ್ರಂತೆ," ಎಂದಳು.

"ಕುಣೀಲಿಲ್ಲ ಕಣೇ, ಒಂಟಿಕಾಲಲ್ಲಿ ನಿಲ್ಲಿಸಿದ್ರು."

"ನನಗೇನೂ ಹೇಳ್ಬೇಡಿ. ಅಣ್ಣನಿಗೆ ಹೇಳಿದ್ದೀನಿ, ಅಣ್ಣ ಬರ್ತಾ ಇದ್ದಾನೆ. ನಿಮ್ಮಿಂದ ಅಣ್ಣ ಪೊಲೀಸ್ ಠಾಣೆ ಮೆಟ್ಟಿಲು ಹತ್ತೋ ಹಾಗಾಯ್ತು."

ಸಂಜೆ ನಾಲ್ಕೂವರೆಗೆ ಅಣ್ಣ ಬಂದರು. ಬಾರಿನ ಅಡುಗೆಮನೆಯ ಹಿಂಬಾಗಿಲಿನಿಂದ ಇಳಿದು, ಮುಖಕ್ಕೆ ನೀರು ಚಿಮುಕಿಸಿ, ತಲೆ ಬಾಚಿ, ಕೋಟು ತೊಟ್ಟು, ಬಾಯಿತುಂಬ ಪುದೀನದ ಮಿಠಾಯಿ ತುಂಬಿಕೊಂಡು ಬಂದಿದ್ದರು. ಮೇಷ್ಟ್ರನ್ನು ಹಿಡಿದ ಮೇಲೆ ಅವರು ಮತ್ತೆ ತಮ್ಮ ಮೇಜಿಗೆ ಹಿಂದಿರುಗಿ, ನಡುಗುವ ಕೈಗೆ ಸ್ಥಿಮಿತ ಬರಲೆಂದು ಇನ್ನೆರಡು ಹಾಕಿದ್ದರು. ಆದ್ದರಿಂದ ಅವರ ನಡಿಗೆಗೆ ಎಂದೂ ಇಲ್ಲದ ಗಾಂಭೀರ್ಯ ಬಂದಿತ್ತು. ನೆಲ ತಮ್ಮ ತೂಕ ತಡೆಯುತ್ತದೋ ಇಲ್ಲವೋ ಎಂದು ಒಂದೊಂದು ಹೆಜ್ಜೆಗೂ ವಿಚಾರಿಸಿಕೊಂಡು ಬರುವವರ ಹಾಗೆ ಬಂದರು.

ಇನ್ಸ್‌ಪೆಕ್ಟರು ದಡಕ್ಕನೆ ಎದ್ದು ನಿಂತರು. ಅವರು ಈ ಪ್ರಿನ್ಸಿಪಾಲರ ಶಿಷ್ಯರು. ಬಿಸಿಲಲ್ಲಿ ಕೈ ಚಾಚಿ ಪ್ರತಿಜ್ಞೆ ಮಾಡಿದವರು.

"ಸಾರ್, ನೀವು ಬರೋ ಹಾಗಾಯ್ತಲ್ಲ ಸಾರ್."

ಪ್ರಿನ್ಸಿಪಾಲರು ಕೈಯೆತ್ತಿ ಅವರನ್ನು ಕೂರಿಸಿದರು. ತಾವೂ ಕುರ್ಚಿಯನ್ನು ಎರಡು ಸಲ ಮುಟ್ಟಿ ನೋಡಿ, ಅದು ಒಂದೇ ಎಂದು ಖಾತ್ರಿಯಾದ ಮೇಲೆ ಕೂತರು. ಆಮೇಲೆ ಮೇಷ್ಟ್ರ ಕಡೆ ತಿರುಗಿ ಕಾಲು ಗಂಟೆ ಮಾತಾಡಿದರು. ಮದ್ಯ ಮೊದಲು ಮಾನವನ್ನು ಕುಡಿಯುತ್ತದೆ, ಆಮೇಲೆ ಮನೆಯನ್ನು ಕುಡಿಯುತ್ತದೆ ಎಂದರು. ಒಬ್ಬ ಗುರುವಾದವನು, ಅದು ಗೇರು ಹಾಕುವುದನ್ನು ಕಲಿಸುವ ಗುರುವೇ ಆಗಿರಲಿ, ಹೀಗೆ ಮಾಡಬಹುದೇ ಎಂದರು. ತಮ್ಮ ತಂಗಿಯ ಕಣ್ಣೀರನ್ನು ವರ್ಣಿಸುವಾಗ ಅವರ ಕಣ್ಣಲ್ಲೂ ನೀರು ಬಂತು. ಅವರು ಮಾತಾಡಿದಷ್ಟೂ ಕೋಣೆಯಲ್ಲಿ ಮದ್ಯದ ವಾಸನೆ ದಟ್ಟವಾಗುತ್ತ ಹೋಯಿತು. ಇನ್ಸ್‌ಪೆಕ್ಟರು ಎದ್ದು ಕಿಟಕಿ ತೆಗೆದರು.

"ನೋಡಿ ಸಾರ್, ಎರಡು ತಾಸು ಕಳೆದ್ರೂ ಈ ಮನುಷ್ಯನ ಮೈಯಿಂದ ಹೇಗೆ ಹೊಡೀತಾ ಇದೆ."

"ಕುಡಿದವರ ಪಕ್ಕ ಕೂರೋದೇ ಒಂದು ಶಿಕ್ಷೆ ಕಣಯ್ಯ," ಎಂದರು ಪ್ರಿನ್ಸಿಪಾಲರು.

ಮೇಷ್ಟ್ರಿಗೆ ಹದಿನಾರು ವರ್ಷದಲ್ಲಿ ಮೊದಲ ಸಲ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೇಬಿಟ್ಟರು: ವಾಸನೆ ತಮ್ಮದಲ್ಲ, ಭಾವನವರ ಬಾಯಿ ಒಮ್ಮೆ ಮೂಸಿ ನೋಡಿ ಎಂದರು. ಮೀಸೆ ಪೇದೆ ಎರಡು ಹೆಜ್ಜೆ ಮುಂದೆ ಬಂದ. ಪ್ರಿನ್ಸಿಪಾಲರ ಬಾಯಿ ಮೂಸುವುದಕ್ಕಲ್ಲ, ಮೇಷ್ಟ್ರ ಬಾಯಿ ಮುಚ್ಚಿಸುವುದಕ್ಕೆ. ಇನ್ಸ್‌ಪೆಕ್ಟರು ನೊಂದ ದನಿಯಲ್ಲಿ ಹಿರಿಯರಿಗೆ ಹೇಳಿದರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಮಾತಾಡುತ್ತಿರುವುದು ಅವರಲ್ಲ, ಒಳಗಿರುವ ಎಣ್ಣೆ. 'ಅನುಮಾನಕ್ಕೆ ಕಾರಣಗಳು' ಅಂಕಣಕ್ಕೆ 'ಪೂಜ್ಯರ ನಿಂದನೆ' ಎಂಬುದೂ ಸೇರಿತು.

ಪ್ರಿನ್ಸಿಪಾಲರು ಸಹಿ ಹಾಕಿದರು. ಸಹಿ ಗೆರೆಯಿಂದ ಹೊರಟು, ಹಾಳೆ ದಾಟಿ, ಮೇಜಿನ ಮರದ ಮೇಲೆ ಮುಗಿಯಿತು. ಪಾಪ, ದುಃಖಕ್ಕೆ ಕೈ ನಡುಗುತ್ತಿದೆ ಎಂದು ಇನ್ಸ್‌ಪೆಕ್ಟರು ಪೇದೆಗೆ ಮೆಲ್ಲನೆ ಹೇಳಿದರು. ಆಮೇಲೆ ಎದ್ದು, ಸ್ಕೂಲಿನ ಕಾರಿನ ಕೀಯನ್ನು ಎರಡೂ ಕೈಯಲ್ಲಿ ಗೌರವದಿಂದ ಪ್ರಿನ್ಸಿಪಾಲರಿಗೆ ಒಪ್ಪಿಸಿದರು. ಕಾರನ್ನೂ ಆರೋಪಿಯನ್ನೂ ಒಟ್ಟಿಗೇ ಮನೆಗೆ ಮುಟ್ಟಿಸಿಬಿಟ್ಟರೆ ದೊಡ್ಡ ಉಪಕಾರ ಎಂದರು.

ನಡೆದುಕೊಂಡೇ ಹೋಗುತ್ತೇನೆ ಎಂದು ಮೇಷ್ಟ್ರು ಕೈಮುಗಿದರು. ಆಟೊದಲ್ಲಿ ಹೋಗುತ್ತೇನೆ ಎಂದರು. ಕೊನೆಗೆ, ಲಾಕಪ್ಪಿನಲ್ಲೇ ಇರುತ್ತೇನೆ, ಈ ಕಾರಿಗೆ ಮಾತ್ರ ಹತ್ತಿಸಬೇಡಿ ಎಂದರು. ಕುಡಿದವರ ಹಟ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪೇದೆ ಅವರನ್ನು ಪಕ್ಕದ ಸೀಟಿಗೆ ತಳ್ಳಿ, ಬೆಲ್ಟು ಬಿಗಿದು, ಬಾಗಿಲು ಹಾಕಿದ.

ಪ್ರಿನ್ಸಿಪಾಲರು ಸ್ಟೀರಿಂಗಿನ ಮುಂದೆ ಕೂತು, ಕೀ ಹಾಕುವ ತೂತಿಗಾಗಿ ಕೆಲಕಾಲ ಶೋಧನೆ ನಡೆಸಿದರು. ಸಿಕ್ಕಿತು. ಇಂಜಿನ್ನು ಹೊತ್ತಿತು. ಗುರುವಿಗೆ ಸೆಲ್ಯೂಟು ಹೊಡೆದು ಬೀಳ್ಕೊಡಲು ಇನ್ಸ್‌ಪೆಕ್ಟರು ಖುದ್ದಾಗಿ ಅಂಗಳಕ್ಕೆ ಇಳಿದು ಬಂದು, ಕಾರಿನ ಹಿಂದೆ, ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಭಾವ, ಅದು ರಿವರ್ಸು," ಎಂದರು ಮೇಷ್ಟ್ರು.

"ನನಗೆ ಕಲಿಸ್ಬೇಡ. ಸುಮ್ನೆ ಕೂತ್ಕೋ," ಎಂದರು ಪ್ರಿನ್ಸಿಪಾಲರು, ಮತ್ತು ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು.

ಕಾರು ಬೆದರಿದ ಎತ್ತಿನ ಹಾಗೆ ಹಿಂದಕ್ಕೆ ಹಾರಿತು. ಸೆಲ್ಯೂಟಿಗೆಂದು ಎತ್ತಿದ ಕೈ ಎತ್ತಿದ ಹಾಗೇ ಇರಲು, ಇನ್ಸ್‌ಪೆಕ್ಟರ ಮುಖ ಕನ್ನಡಿಯಲ್ಲಿ ದೊಡ್ಡದಾಗುತ್ತ ಬಂತು. ಆಚೆ ಸರಿಯೋಣವೆಂದರೆ ಒಂದು ಕಡೆ ಜೀಪು, ಇನ್ನೊಂದು ಕಡೆ ನೀರಿನ ತೊಟ್ಟಿ.

ಡ್ರೈವಿಂಗ್ ಸ್ಕೂಲಿನ ಕಾರು ಎರಡು ತಲೆಯ ಹಾವಿದ್ದಂತೆ. ಕಲಿಯುವವರ ಕಾಲ ಬುಡದಲ್ಲಿರುವಂತೆ ಕಲಿಸುವವರ ಕಾಲ ಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಹತ್ತೊಂಬತ್ತು ವರ್ಷಗಳಲ್ಲಿ ಆ ಬ್ರೇಕು ಎಷ್ಟೋ ನಾಯಿಗಳನ್ನು, ಸೈಕಲ್ಲಿನವರನ್ನು, ಒಂದು ಮದುವೆ ಮೆರವಣಿಗೆಯನ್ನು ಉಳಿಸಿತ್ತು. ಮೇಷ್ಟ್ರ ಎರಡೂ ಕಾಲು ಅವರನ್ನು ಕೇಳದೆಯೇ ಕೆಳಗಿಳಿದವು. ಕಾರು ಕಿರುಚಿ, ಮುಗ್ಗರಿಸಿ, ನಿಂತಿತು. ಹಿಂದಿನ ಬಂಪರಿಗೂ ಇನ್ಸ್‌ಪೆಕ್ಟರ ಮಂಡಿಚಿಪ್ಪಿಗೂ ನಡುವೆ ಉಳಿದದ್ದು ನಾಲ್ಕು ಬೆರಳು ಜಾಗ.

ಆಮೇಲೆ ಇನ್ಸ್‌ಪೆಕ್ಟರು ಗೋಡೆಯಿಂದ ಬೆನ್ನು ಬಿಡಿಸಿಕೊಂಡು, ಹೊಟ್ಟೆ ಒಳಕ್ಕೆಳೆದು, ಅಡ್ಡಡ್ಡವಾಗಿ ಸರಿದು ಕಾರಿನ ಮುಂದಕ್ಕೆ ಬಂದರು. ಮುಖ ಸುಣ್ಣದ ಹಾಗೆ ಬಿಳಿಚಿತ್ತು. ಕಿಟಕಿಯಲ್ಲಿ ಬಗ್ಗಿ ಕೇಳಿದರು.

"ಬ್ರೇಕ್ ಹಾಕಿದ್ದು ಯಾರು?"

ಇಡೀ ದಿನದಲ್ಲಿ ಮೇಷ್ಟ್ರಿಗೆ ಹೆಮ್ಮೆಯಿಂದ ಉತ್ತರಿಸಬಹುದಾದ ಪ್ರಶ್ನೆ ಬಂದದ್ದು ಇದೊಂದೇ. ಒಬ್ಬ ಮನುಷ್ಯನ ಕಾಲು ಉಳಿಸಿದ್ದಾರೆ. ಕುಡಿದವನ ಕಾಲು ಇಷ್ಟು ಬೇಗ ಬ್ರೇಕಿಗೆ ಹೋಗುತ್ತದೆಯೇ? ಇದಕ್ಕಿಂತ ಸಾಕ್ಷಿ ಬೇಕೇ? ಕೃತಜ್ಞತೆಯ ಮಾತು ಹೇಗಿರಬಹುದೆಂದು ಊಹಿಸುತ್ತ ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

"ನಾನೇ ಸಾರ್. ಇಲ್ಲೂ ಬ್ರೇಕಿದೆ, ನೋಡಿ."

ಇನ್ಸ್‌ಪೆಕ್ಟರು ನೋಡಿದರು. ಪೇದೆಯೂ ಬಂದು ನೋಡಿದ. ಪೆಡಲಿನ ಮೇಲೆ ಮೇಷ್ಟ್ರ ಬೂಟು ಇನ್ನೂ ಇತ್ತು.

"ಇಪ್ಪತ್ತನಾಲ್ಕು ಗಂಟೆ ಗಾಡಿ ಚಲಾಯಿಸ್ಬಾರ್ದು ಅಂತ ಹೇಳಿಸ್ಕೊಂಡು ಒಂದೆರಡು ಗಂಟೆನೂ ಆಗಿಲ್ಲ," ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ತಾವು ಚಲಾಯಿಸಿದ್ದಲ್ಲ, ನಿಲ್ಲಿಸಿದ್ದು ಎಂದರು. ಕಾನೂನಿನ ಪ್ರಕಾರ ನಿಲ್ಲಿಸುವುದೂ ಚಲಾಯಿಸುವುದರಲ್ಲೇ ಬರುತ್ತದೆಂದು ಇನ್ಸ್‌ಪೆಕ್ಟರು ಹೇಳಿದರು. ಮೀಸೆ ಪೇದೆ ಕಾರಿನ ನೆತ್ತಿಯತ್ತ ಬೆರಳು ತೋರಿಸಿ ಇನ್ನೊಂದು ಅಂಶ ಎತ್ತಿದ: ಎಲ್ ಬೋರ್ಡಿನ ಕಾರಿನಲ್ಲಿ ಏನೇ ಆದರೂ ಪಕ್ಕದಲ್ಲಿ ಕೂತು ಕಲಿಸುವವನದೇ ಹೊಣೆ. ಅಂದರೆ ಗಾಡಿ ಹಿಂದಕ್ಕೆ ಹಾರಿದ್ದಕ್ಕೂ ಮೇಷ್ಟ್ರೇ ಹೊಣೆ. ಅದನ್ನು ಹತ್ತೊಂಬತ್ತು ವರ್ಷದಿಂದ ಮೇಷ್ಟ್ರೇ ಎಲ್ಲರಿಗೂ ಮೊದಲನೆಯ ಪಾಠವಾಗಿ ಹೇಳಿಕೊಂಡು ಬಂದಿದ್ದರು.

"ನಾನು ಸರಿಯಾಗೇ ಹೋಗ್ತಿದ್ದೆ," ಎಂದರು ಪ್ರಿನ್ಸಿಪಾಲರು ನಿಟ್ಟುಸಿರು ಬಿಟ್ಟು. "ಮಧ್ಯೆ ಕಾಲು ಹಾಕಿಬಿಟ್ರು. ಏನ್ಮಾಡೋದು ಹೇಳಿ, ಕುಡಿದಾಗ ಮನುಷ್ಯನಿಗೆ ವಿವೇಕ ಇರೋಲ್ಲ."

ಮೇಷ್ಟ್ರನ್ನು ಇಳಿಸಿ ಮತ್ತೆ ಒಳಗೆ ಕರೆದೊಯ್ದರು. ಹೊಸ ಫಾರಮ್ಮು ಬಂತು. 'ಅನುಮಾನಕ್ಕೆ ಕಾರಣಗಳು' ಎಂಬ ಅಂಕಣವನ್ನು ಇನ್ಸ್‌ಪೆಕ್ಟರು ಈ ಸಲ ಅಡ್ಡಗೆರೆ ಎಳೆದು ಹೊಡೆದುಹಾಕಿದರು.

"ಆಗ ಬರೀ ಅನುಮಾನ ಇತ್ತು ಮೇಷ್ಟ್ರೇ. ಈಗ ನೀವೇ ಬಾಯ್ಬಿಟ್ಟು ಒಪ್ಪಿಕೊಂಡಿದ್ದೀರಿ," ಎಂದು ಲೈಸೆನ್ಸಿಗಾಗಿ ಕೈಚಾಚಿದರು. ಮೇಷ್ಟ್ರು ಜೇಬಿನಿಂದ ತೆಗೆದು ಕೊಟ್ಟರು. ಅದು ಡ್ರಾಯರಿನೊಳಗೆ ಹೋಯಿತು, ಡ್ರಾಯರಿಗೆ ಬೀಗ ಬಿತ್ತು.

ಪ್ರಿನ್ಸಿಪಾಲರನ್ನು ಜೀಪಿನಲ್ಲಿ ಬಿಟ್ಟುಬರಲೇ ಎಂದು ಪೇದೆ ಕೇಳಿದ್ದು ಹೊರಗಿನಿಂದ ಕೇಳಿಸಿತು. ಸರ್ಕಾರದ ಪೆಟ್ರೋಲು ತಮ್ಮಂಥವರಿಗೆ ವ್ಯಯವಾಗಬಾರದು, ತಂಗಿಗೆ ಸಮಾಧಾನ ಹೇಳಲು ಹೋಗಬೇಕು, ಇದೇ ಕಾರಿನಲ್ಲಿ ಹೋಗುತ್ತೇನೆ, ಈಗ ಮಧ್ಯೆ ಕಾಲು ಹಾಕುವವರು ಯಾರೂ ಇಲ್ಲ ಎಂದು ಅವರು ಹೇಳಿದ್ದೂ ಕೇಳಿಸಿತು.

ಮೇಷ್ಟ್ರು ಬೆಂಚಿನ ಮೇಲೆ ಕೂತು ಕಿಟಕಿಯಿಂದ ನೋಡಿದರು. ಗೇರು ಕರಕರನೆ ಅರೆಯಿತು. ಕಾರು ಮೊದಲು ನೀರಿನ ತೊಟ್ಟಿಗೆ ಮಗ್ಗುಲು ಉಜ್ಜಿ, ಆಮೇಲೆ ಗೇಟಿನ ಕಂಬವನ್ನು ಸವರಿ, ರಸ್ತೆಯ ಬಾಯಿಗೆ ಬಂದು ನಿಂತಿತು. ಸಂಜೆಯ ಹೊತ್ತು, ಎರಡೂ ಕಡೆಯಿಂದ ವಾಹನಗಳು ಎಡೆಬಿಡದೆ ಹರಿಯುತ್ತಿದ್ದವು. ಮೀಸೆ ಪೇದೆ ಓಡಿಹೋಗಿ ನಡುರಸ್ತೆಯಲ್ಲಿ ನಿಂತು, ಸೀಟಿ ಊದಿ, ಎರಡೂ ಕೈ ಚಾಚಿ, ಇಡೀ ಸಂಚಾರವನ್ನೇ ತಡೆದು ನಿಲ್ಲಿಸಿದ. ಮತ್ತು ಬಾಗಿ, ಬಲು ವಿನಯದಿಂದ, ಪ್ರಿನ್ಸಿಪಾಲರಿಗೆ ದಾರಿ ಮಾಡಿಕೊಟ್ಟ.